ಶ್ರೀಕೃಷ್ಣ ಪಾರಿಜಾತದ ನಗೆ: ತಾದಾತ್ಮ್ಯ ಮತ್ತು ಪರಿಚಯ

ಹಾಸ್ಯಪಾತ್ರದಲ್ಲಿ ಪ್ರೇಕ್ಷಕನು ತನ್ನನ್ನೇ ಕಂಡುಕೊಂಡಾಗ ಮಾತ್ರ ನಗೆ ಹುಟ್ಟುತ್ತದೆ ಎಂಬ ಅಭಿಪ್ರಾಯವು ದೂರದರ್ಶನದ ಹಾಸ್ಯ ಧಾರಾವಾಹಿಗಳ ಚರ್ಚೆಯಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಈ ಅಭಿಪ್ರಾಯವನ್ನು ಒರೆಗೆ ಹಚ್ಚಲು ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಚಿರಪರಿಚಿತವಾದ ಶ್ರೀಕೃಷ್ಣ ಪಾರಿಜಾತವು ಯೋಗ್ಯ ನಿದರ್ಶನವಾಗಿದೆ.

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ಪರಿಷ್ಕರಿಸಿ ಆಟಕ್ಕೆ ಅಳವಡಿಸಿದನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯಿಂದ ಅದು ನಾಡಿನಾದ್ಯಂತ ಹೆಸರಾಯಿತು. ನಾರದನು ತಂದ ಪಾರಿಜಾತವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಕಥೆಯ ತಿರುಳು ಇಷ್ಟೇ. ಉಳಿದುದೆಲ್ಲ ಮುನಿಸು, ಓಲೈಕೆ, ಕೊಂಕು ಮತ್ತು ಮರುಮಾತುಗಳ ವಿಸ್ತಾರ.

ಬಾಡಗಂಡಿಯಂತಹ ಊರಿನ ಒಕ್ಕಲಿಗನಾಗಲಿ, ಬನಹಟ್ಟಿಯ ನೇಕಾರನಾಗಲಿ ದ್ವಾರಕೆಯ ಅರಸನಲ್ಲ. ಆದರೂ ಮಡದಿಯ ಬಾಗಿಲಲ್ಲಿ ನಿಂತು ಅಂಗಲಾಚುವ ಜಗದೊಡೆಯನನ್ನು ಕಂಡು ಅವನು ನಗುತ್ತಾನೆ. ಇಲ್ಲಿ ಪ್ರೇಕ್ಷಕನಿಗೂ ಪಾತ್ರಕ್ಕೂ ಬಾಳಿನ ಸಾಮ್ಯವಿಲ್ಲ; ಇರುವುದು ಸಂಬಂಧದ ಪರಿಚಯ. ಸವತಿಮತ್ಸರವೆಂದರೇನು, ಮುನಿದವಳಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಗಂಡನ ಪಾಡೇನು ಎಂಬುದು ಅವನಿಗೆ ಗೊತ್ತು. ದೇವರು ಆಡುಮಾತಿಗಿಳಿದಾಗ ಆ ಪರಿಚಯ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗೆಂದು ಸಾಮ್ಯ ಹೆಚ್ಚಿದಷ್ಟೂ ನಗೆ ಹೆಚ್ಚುವುದೆಂದು ಹೇಳಲಾಗದು. ಮನೆಯಲ್ಲಿ ಸವತಿಯ ಸಂಕಟವನ್ನು ನಿಜವಾಗಿ ಉಂಡ ಹೆಣ್ಣಿಗೆ ಸತ್ಯಭಾಮೆಯ ಅಳಲು ಹಾಸ್ಯವಾಗಿ ಉಳಿಯದೆ ಕರುಣವಾಗಬಹುದು. ಹಾಸ್ಯಕ್ಕೆ ಹೃದಯವು ಕ್ಷಣಕಾಲ ಜಡವಾಗಿರಬೇಕೆಂದು 1900ರಲ್ಲಿ ಪ್ರಕಟವಾದ ನಗೆಯ ಕುರಿತ ಗ್ರಂಥದಲ್ಲಿ ಫ್ರೆಂಚ್ ತತ್ತ್ವಜ್ಞ ಬರ್ಗ್‌ಸನ್ ವಾದಿಸಿದ್ದು ಈ ಅಪಾಯವನ್ನು ಗಮನಿಸಿಯೇ. ಪಾರಿಜಾತವು ಅಗತ್ಯವಾದ ಆ ಅಂತರವನ್ನು ಭಾಗವತ ಮತ್ತು ದೂತಿಯರ ಮೂಲಕ ಸಾಧಿಸುತ್ತದೆ. ಭಾಗವತನ ಪ್ರಶ್ನೆ, ದೂತಿಯ ಚುಚ್ಚುಮಾತುಗಳು ಅಳಲಿನ ನಡುವೆ ತೂರಿ, ಪ್ರೇಕ್ಷಕನನ್ನು ಸತ್ಯಭಾಮೆಯ ಎದೆಯೊಳಗೆ ಪೂರ್ತಿ ಇಳಿಯಗೊಡದೆ ಅವಳ ಮನೆಯ ಹೊಸ್ತಿಲಲ್ಲಿ ನಿಲ್ಲಿಸುತ್ತವೆ.

ಶೃಂಗಾರದ ಅನುಕರಣೆಯೇ ಹಾಸ್ಯವೆಂದ ಭರತನ ಮಾತು ಈ ಆಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಹಾಸ್ಯವು ಬಹುಮಟ್ಟಿಗೆ ಸ್ತ್ರೀಯರಲ್ಲಿ ಮತ್ತು ನೀಚಪ್ರಕೃತಿಯವರಲ್ಲಿ ಕಾಣುತ್ತದೆಂಬ ನಾಟ್ಯಶಾಸ್ತ್ರದ ಹೇಳಿಕೆಯನ್ನು ಪಾರಿಜಾತವು ಒಪ್ಪುವುದಿಲ್ಲ. ಇಲ್ಲಿ ನಗೆಗೀಡಾಗುವವನು ಪರಮಾತ್ಮನೇ. ನಗಿಸುವವಳು ಅರಮನೆಯ ಊಳಿಗದವಳು. ಹಳ್ಳಿಯ ಹಾಸ್ಯವನ್ನು ಗ್ರಾಮ್ಯವೆಂದು ಬದಿಗಿಡುವ ವಿಮರ್ಶೆ ಈ ಪಲ್ಲಟವನ್ನು ಗುರುತಿಸದೆ ಹೋಗುತ್ತದೆ.

ಈ ತಿಳಿವು ಧಾರಾವಾಹಿಗಳಿಗೂ ಅನ್ವಯಿಸುತ್ತದೆ. 2000ರ ದಶಕದಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಪ್ರಸಾರವಾದ 'ಪಾಪ ಪಾಂಡು'ವಿನ ನಗರದ ಸಂಸಾರ ಕೃಷ್ಣಾತೀರದ ವೀಕ್ಷಕನದಲ್ಲ. ಆದರೆ ಹೆಂಡತಿಗೆ ಅಂಜುವ ಪಾಂಡುವಿನ ಸ್ವಭಾವ ಒಮ್ಮೆ ಪರಿಚಯವಾದ ಮೇಲೆ, ಅವನು ಮುಂದೇನು ಮಾಡಿ ಸಿಕ್ಕಿಬೀಳುವನೆಂಬ ನಿರೀಕ್ಷೆಯೇ ನಗೆಯ ಬೀಜವಾಗುತ್ತದೆ. ನೂರು ಬಾರಿ ಕಂಡ ಪಾರಿಜಾತಕ್ಕೆ ಮತ್ತೆ ನಗುವವರ ಅನುಭವವೂ ಇದೇ.

ಆದ್ದರಿಂದ ಹಾಸ್ಯಕ್ಕೆ ಪಾತ್ರವು ಪ್ರೇಕ್ಷಕನಂತಿರಬೇಕಿಲ್ಲ. ಪ್ರೇಕ್ಷಕನು ಪಾತ್ರವನ್ನು ಬಲ್ಲವನಾಗಿದ್ದರೆ ಸಾಕು. ಬಲ್ಲವನಾಗಿಯೂ ಅದೇ ತಾನಾಗದೆ ಉಳಿಯುವ ಈ ಹದವನ್ನು ಉತ್ತರ ಕರ್ನಾಟಕದ ಬಯಲು ರಂಗಭೂಮಿ ಧಾರಾವಾಹಿಗಳಿಗಿಂತ ಬಹು ಮುಂಚೆಯೇ ಕಂಡುಕೊಂಡಿತ್ತು.