ಸಿಜೊ ಪದ್ಯದ ಲಯ: ಎಣಿಕೆಯೋ, ಹಾಡಿಕೆಯೋ?

ಕೊರಿಯದ ಸಾಂಪ್ರದಾಯಿಕ ಪದ್ಯರೂಪಗಳಲ್ಲಿ ಸಿಜೊ ಬಹು ಪ್ರಸಿದ್ಧವಾದುದು. ಮೂರು ಪಾದ, ಪಾದಕ್ಕೆ ನಾಲ್ಕು ಗಣ, ಒಟ್ಟು ಸುಮಾರು 45 ಅಕ್ಷರ. ಕಡೆಯ ಪಾದದಲ್ಲಿ 3, 5, 4, 3 ಎಂಬ ಕ್ರಮ. ಲಕ್ಷಣವನ್ನು ಇಷ್ಟಕ್ಕೇ ಮುಗಿಸುವುದು ವಾಡಿಕೆ. 1930ರಲ್ಲಿ ಜೊ ಯುನ್-ಜೆ ಅವರು ಅಕ್ಷರಸಂಖ್ಯೆಯನ್ನು ಶ್ರಮವಹಿಸಿ ಪರಿಶೀಲಿಸಿ ಇಂಥ ಮಾದರಿಯನ್ನು ನಿರೂಪಿಸಿದರು. ಆದರೆ ಆ ಮಾದರಿಗೆ ಮೂರು ಪಾದಗಳಲ್ಲಿಯೂ ತಪ್ಪದೆ ಹೊಂದುವ ಪದ್ಯಗಳು ವಿರಳ. ಬಹುಪಾಲು ಲಕ್ಷ್ಯವನ್ನು ಅಪವಾದವೆಂದು ಬದಿಗಿಡಬೇಕಾದ ನಿಯಮವನ್ನು ನಿಯಮವೆನ್ನಲು ನಾವು ಹಿಂಜರಿಯುತ್ತೇವೆ. 1950ರ ದಶಕದಲ್ಲಿ ಜೊಂಗ್ ಬ್ಯೊಂಗ್-ಉಕ್ ಅವರು ಎಣಿಕೆಯಿಂದ ಗಣದ ಕಡೆಗೆ ದೃಷ್ಟಿಯನ್ನು ತಿರುಗಿಸಿದುದು ಉಚಿತವೇ ಆಗಿತ್ತು. ಮೂರಕ್ಷರದ ಗಣವೂ ನಾಲ್ಕಕ್ಷರದ ಗಣವೂ ಸಮಕಾಲದಲ್ಲಿ ನಡೆಯಬಲ್ಲವು. ಅಂಶಗಣಗಳು ಹಾಡಿನಲ್ಲಿ ಹಿಗ್ಗಿ ಕುಗ್ಗುವುದನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಇದು ಹೋಲಿಕೆಯೇ ಹೊರತು ಸಂಬಂಧವಲ್ಲ.

ಇನ್ನು ಸ್ವರದ ಏರಿಳಿತ. 1446ರಲ್ಲಿ ಹೊಸ ಲಿಪಿ ಪ್ರಕಟವಾದಾಗ ಅಕ್ಷರದ ಎಡಕ್ಕೆ ಒಂದು ಚುಕ್ಕೆಯಿಟ್ಟು ಉಚ್ಚಸ್ವರವನ್ನೂ, ಎರಡಿಟ್ಟು ಏರುಸ್ವರವನ್ನೂ ಸೂಚಿಸುತ್ತಿದ್ದರು, ಚುಕ್ಕೆಯಿಲ್ಲದುದು ನೀಚಸ್ವರ. ಹದಿನಾರನೆಯ ಶತಮಾನ ಕಳೆಯುವ ಹೊತ್ತಿಗೆ ಆ ಚುಕ್ಕೆಗಳು ಗ್ರಂಥಗಳಿಂದ ಮರೆಯಾದವು. ಕಿಮ್ ಛೊನ್-ತೇಕ್ ‘ಛೊಂಗು ಯೊಂಗೊನ್’ ಎಂಬ ಸಂಕಲನವನ್ನು ಸಿದ್ಧಪಡಿಸಿದುದು 1728ರಲ್ಲಿ. ಆದುದರಿಂದ ಚೀನೀ ಪದ್ಯಗಳಲ್ಲಿರುವಂಥ ಸ್ವರನಿಯಮವನ್ನು ಸಿಜೊವಿನಲ್ಲಿ ಹುಡುಕುವುದು ಫಲಕಾರಿಯಲ್ಲ. ಆ ಸಂಕಲನದ ಪದ್ಯಗಳು ಮುಖ್ಯವಾಗಿ ಹಾಡುವ ಮಟ್ಟುಗಳನ್ನು ಅನುಸರಿಸಿ ಜೋಡಿಸಲ್ಪಟ್ಟಿವೆಯೆಂಬುದೇ ನಮಗೆ ಹೆಚ್ಚಿನ ಸಾಕ್ಷ್ಯ. ಏರಿಳಿತವನ್ನು ಕೊಟ್ಟುದು ಮಟ್ಟು.

ಕಡೆಯ ಪಾದದಲ್ಲಿ ಈ ಸಂಗತಿ ಸ್ಪಷ್ಟವಾಗುತ್ತದೆ. ಅದರ ಮೊದಲ ಗಣಕ್ಕೆ ಮೂರೇ ಅಕ್ಷರ. ಇಲ್ಲಿ ಮಾತ್ರ ಎಣಿಕೆ ಬಹುಮಟ್ಟಿಗೆ ಸಡಿಲುವುದಿಲ್ಲ. ಒಡನೆಯೇ ಎರಡನೆಯ ಗಣ ಐದಕ್ಕೋ ಅದಕ್ಕೂ ಮೇಲಕ್ಕೋ ಹಿಗ್ಗಿ, ಎರಡು ಪಾದಗಳಿಂದ ಕಿವಿಗೆ ರೂಢಿಯಾಗಿದ್ದ ನಡೆಯನ್ನು ಮುರಿಯುತ್ತದೆ. ಅರ್ಥದ ತಿರುವೂ ಸಾಮಾನ್ಯವಾಗಿ ಅಲ್ಲಿಯೇ. ಬಳಿಕ ಪದ್ಯ ಹಳೆಯ ನಡೆಗೆ ಇಳಿಯುತ್ತದೆ. ಐದು ಭಾಗಗಳ ‘ಗಾಗೊಕ್’ ಗಾಯನದಲ್ಲಿ ಇಡೀ ಪದ್ಯವನ್ನು ಹಾಡುತ್ತಾರೆ. ಮೂರು ಭಾಗಗಳ ‘ಸಿಜೊಛಾಂಗ್’ನಲ್ಲಾದರೋ ಕೊನೆಯ ಗಣವನ್ನು ಹಾಡುವುದೇ ಇಲ್ಲ! ಬಿಟ್ಟುದು ಬಹುಮಟ್ಟಿಗೆ ರೂಢಿಯ ಕ್ರಿಯಾಪದ. ಕೇಳುವವರು ಅದನ್ನು ಮನಸ್ಸಿನಲ್ಲಿಯೇ ತುಂಬಿಕೊಳ್ಳಬಲ್ಲರು. ಹತ್ತೊಂಬತ್ತನೆಯ ಶತಮಾನದ ‘ನಾಮ್‌ಹುನ್ ಥೇಪ್ಯೊಂಗ್‌ಗಾ’ ಎಂಬ ಮುದ್ರಿತ ಸಂಕಲನದಲ್ಲಿ ಪದ್ಯಗಳು ಆ ಗಣವಿಲ್ಲದೆಯೇ ಅಚ್ಚಾಗಿವೆ. 3, 5, 4, 3 ಎಂದು ಎಣಿಸುವವರಿಗೆ ಇವೆಲ್ಲ ಊನಪದ್ಯಗಳು, ಹಾಡುತ್ತಿದ್ದವರಿಗೆ ಪೂರ್ಣಪದ್ಯಗಳು.