ಹಳೆಯ ಡಿ2ಗೆ ಮರುಜೀವ

ಕ್ಯಾಟರ್‌ಪಿಲ್ಲರ್ ಡಿ2 ಎಂಬುದು 1938ರಿಂದ 1957ರವರೆಗೆ ಅಮೆರಿಕದಲ್ಲಿ ತಯಾರಾದ ಪುಟ್ಟ ಡೀಸೆಲ್ ಚೈನ್ ಟ್ರ್ಯಾಕ್ಟರ್. ಅದನ್ನು ಇಂದಿಗೂ ರಿಪೇರಿ ಮಾಡಿ ಹೊಲಕ್ಕಿಳಿಸುವವರ ಕಸುಬುದಾರಿಕೆ ಕಂಡರೆ ನನಗೆ ಅಪಾರ ಗೌರವ.

ಇದರ ಸೊಗಸಿರುವುದು ಸ್ಟಾರ್ಟ್ ಆಗುವ ಬಗೆಯಲ್ಲಿ. ಮುಖ್ಯ ಎಂಜಿನ್ನಿನ ಜೊತೆಗೇ ಎರಡು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಎಂಜಿನ್ ಇದೆ. ಮೊದಲು ಓಡಬೇಕಾದದ್ದು ಅದು. ಎರಡಕ್ಕೂ ರೇಡಿಯೇಟರಿನ ನೀರು ಒಂದೇ. ಹಾಗಾಗಿ ಚಿಕ್ಕದು ಓಡುತ್ತಿದ್ದಂತೆ ದೊಡ್ಡದೂ ಬೆಚ್ಚಗಾಗುತ್ತದೆ. ಚಿಕ್ಕದರ ಬಿಸಿ ಹೊಗೆ, ಡೀಸೆಲ್ ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನೂ ಕಾಯಿಸುತ್ತದೆ. ಕೊರೆಯುವ ಚಳಿಗೆ ಎಂಥ ಜಾಣ ಉತ್ತರ!

ವರ್ಷಗಟ್ಟಲೆ ಮಳೆಗೆ ನೆನೆದು ನಿಂತ ಗಾಡಿಯಲ್ಲಿ ಸ್ಟೀರಿಂಗ್ ಕ್ಲಚ್ಚಿನ ಪ್ಲೇಟುಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲಿವರ್ ಎಳೆದರೂ ಗಾಡಿ ತಿರುಗದು. ಚೈನಿನ ಪಿನ್ನು, ಬುಶ್ಶುಗಳು ಒಂದೇ ಮಗ್ಗುಲಲ್ಲಿ ಸವೆಯುತ್ತವೆ. ಬಲ್ಲವರು ಅವನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂರಿಸುತ್ತಾರೆ. ಹಳೆಯ ಚೈನಿಗೆ ಇನ್ನೊಂದು ಆಯಸ್ಸು ಸಿಕ್ಕಂತೆ.

ಬಿಡಿಭಾಗ ಹುಡುಕುವವರಿಗೆ ಸೀರಿಯಲ್ ನಂಬರೇ ಜಾತಕ. ನಂಬರಿನ ಆರಂಭದಲ್ಲಿ 3ಜೆ, 5ಜೆ ಇದ್ದರೆ ಮೊದಲಿನವು. 4ಯು, 5ಯು ಇದ್ದರೆ 1947ರಿಂದ ಈಚಿನವು. 4ಯು ಗಾಡಿಯಲ್ಲಿ ಚೈನಿನಿಂದ ಚೈನಿಗೆ 40 ಇಂಚು, 5ಯುನಲ್ಲಿ 50. ಈ ವ್ಯತ್ಯಾಸ ಗೊತ್ತಿಲ್ಲದೆ ಕೊಂಡರೆ ದುಡ್ಡು ದಂಡ. ಪಾರ್ಟ್ಸ್ ಪುಸ್ತಕ ಓದಿ, ಗುಜರಿ ಅಂಗಳ ಜಾಲಾಡಿ, ಸಿಗದ್ದನ್ನು ಲೇತಿನಲ್ಲಿ ಕಡೆದು ಹೊಂದಿಸುವ ತಾಳ್ಮೆಯೇ ಈ ವಿದ್ಯೆಯ ಬಂಡವಾಳ. ಬಿಚ್ಚಿ ಮತ್ತೆ ಕೂಡಿಸಬಹುದಾದ ಯಂತ್ರಗಳನ್ನು ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ.