ಪ್ರಿ-ಸೀಸನ್ ಅನ್ನೋ ಪಂಚಾಂಗ ಶ್ರವಣ

ಅಕ್ಟೋಬರ್ ಬಂತೆಂದರೆ ನಾರ್ತ್ ಕೆರೊಲಿನಾದ ಈ ಮೂಲೆಯಲ್ಲಿ ಮರದ ಎಲೆಗಿಂತ ಮೊದಲು ಜನರ ಮಾತಿನ ಬಣ್ಣ ಬದಲಾಗುತ್ತೆ. ಆಫೀಸಿನ ಕಾಫಿ ಮಷೀನ್ ಹತ್ತಿರ, ಪೆಟ್ರೋಲ್ ಬಂಕಲ್ಲಿ, ಕೊನೆಗೆ ನಾವು ಹುಣಸೆಹಣ್ಣು ಕೊಳ್ಳೋ ಇಂಡಿಯನ್ ಅಂಗಡಿಯ ಕ್ಯೂನಲ್ಲೂ ಒಂದೇ ಪ್ರಶ್ನೆ: ಈ ಸಲ ಟಾರ್ ಹೀಲ್ಸ್ ಹೇಗೆ? ಸಾಫ್ಟ್‌ವೇರ್ ಕೆಲಸದ ಮೇಲೆ ಇಲ್ಲಿಗೆ ಬಂದ ನಮ್ಮಂಥ ಕನ್ನಡಿಗರಿಗೂ ಒಂದೆರಡು ವರ್ಷದಲ್ಲಿ ಈ ಜ್ವರ ಹತ್ತಿಬಿಡುತ್ತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟಾರ್ ಹೀಲ್ಸ್ ಅಂದ್ರೆ ಚಾಪೆಲ್ ಹಿಲ್‌ನಲ್ಲಿರೋ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾದ ಬ್ಯಾಸ್ಕೆಟ್‌ಬಾಲ್ ತಂಡ. ಮೈಕಲ್ ಜೋರ್ಡಾನ್ ಓದಿದ್ದು, ಆಡಿದ್ದು ಇಲ್ಲೇ. ಆರು ಸಲ ರಾಷ್ಟ್ರೀಯ ಟೂರ್ನಮೆಂಟ್ ಗೆದ್ದಿದ್ದಾರೆ. ಕಾಲೇಜು ಹುಡುಗರ ಆಟ ನೋಡೋಕೆ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಂ ಇದೆ. ಸೀಸನ್ ನವೆಂಬರಿನಲ್ಲಿ ಶುರು. ಅದಕ್ಕೂ ಮುಂಚೆ, ಒಂದು ಪಂದ್ಯವೂ ನಡೆಯದೆ ಇರುವಾಗ, ಸುಮಾರು ಅರವತ್ತು ಪತ್ರಕರ್ತರು ಮತ ಹಾಕಿ ಮೊದಲ 25 ತಂಡಗಳ ಪಟ್ಟಿ ಮಾಡ್ತಾರೆ. ಅದೇ ಎಪಿ ಪ್ರಿ-ಸೀಸನ್ ಪೋಲ್. 2024-25ಕ್ಕೆ ನಮ್ಮವರಿಗೆ 9ನೇ ಸ್ಥಾನ ಸಿಕ್ಕಿತ್ತು.

ಈ ಪಟ್ಟಿ ನೋಡಿದಾಗಲೆಲ್ಲ ನನಗೆ ಊರಿನ ಯುಗಾದಿ ನೆನಪಾಗುತ್ತೆ. ದೇವಸ್ಥಾನದ ಜಗಲಿ ಮೇಲೆ ಜೋಯಿಸರು ಪಂಚಾಂಗ ಓದೋರು. ಈ ಸಂವತ್ಸರದಲ್ಲಿ ಮಳೆ ಎಷ್ಟು, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು. ಊರೆಲ್ಲ ಕಿವಿಗೊಟ್ಟು ಕೇಳೋದು. ಆದರೆ ಬಿತ್ತನೆ ಹೊತ್ತಿಗೆ ಯಾರೂ ಪಂಚಾಂಗ ಬಿಚ್ಚುತ್ತಿರಲಿಲ್ಲ. ಹೊಲಕ್ಕೆ ಹೋಗಿ, ಮಣ್ಣು ಹಿಡಿಯಲ್ಲಿ ಹಿಡಿದು, ಹದ ಇದೆಯಾ ಅಂತ ನೋಡೋರು. ಮಳೆ ಕೈಕೊಟ್ಟರೆ ಎತ್ತಿಗೆ ಬಾರುಕೋಲಲ್ಲಿ ಬಾರಿಸ್ತಾನೂ ಇರಲಿಲ್ಲ.

ಇಲ್ಲಿನ ಅಭಿಮಾನಿಗಳ ಬಗ್ಗೆ ನನ್ನ ತಕರಾರು ಇರೋದು ಇಲ್ಲೇ. ಪಂಚಾಂಗ ಕೇಳಬೇಡಿ ಅನ್ನಲ್ಲ, ಅದರಲ್ಲೊಂದು ಖುಷಿ ಇದೆ. ಆದರೆ ಕೇಳಿದ್ದನ್ನೇ ಕರಾರುಪತ್ರ ಮಾಡಿಕೊಂಡು, ಮಾರ್ಚ್ ತಿಂಗಳಲ್ಲಿ ಹತ್ತೊಂಬತ್ತು-ಇಪ್ಪತ್ತು ವರ್ಷದ ಹುಡುಗರ ಮುಂದೆ ಹಿಡಿದು ವಸೂಲಿಗೆ ನಿಲ್ತಾರಲ್ಲ, ಅದು ನನಗೆ ಸರಿ ಕಾಣಲ್ಲ.

ಹಿಂದಿನ ಒಂದು ಕತೆ ನೋಡಿ. 2022ರ ಮಾರ್ಚ್‌ನಲ್ಲಿ ಟಾರ್ ಹೀಲ್ಸ್ ಟೂರ್ನಮೆಂಟಿಗೆ ಬಂದದ್ದು 8ನೇ ಸೀಡ್ ಆಗಿ, ಅಂದ್ರೆ ಆ ಸೀಸನ್ ಪೂರ್ತಿ ಅವರದ್ದು ಸಾಧಾರಣ ಆಟ. ಆಮೇಲೆ ಏನು ಮೈಮೇಲೆ ಬಂತೋ! ಹಿಂದಿನ ವರ್ಷದ ಚಾಂಪಿಯನ್ ಬೇಲರ್ ತಂಡವನ್ನು ಹೊಡೆದರು. ಸೆಮಿಫೈನಲ್‌ನಲ್ಲಿ ಪಕ್ಕದೂರಿನ ಬದ್ಧವೈರಿ ಡ್ಯೂಕ್ ತಂಡವನ್ನು 81-77ರಲ್ಲಿ ಮನೆಗೆ ಕಳಿಸಿದರು. ಫೈನಲ್‌ನಲ್ಲಿ ಅರ್ಧ ಆಟಕ್ಕೆ 15 ಪಾಯಿಂಟ್ ಮುಂದಿದ್ದು, ಕೊನೆಗೆ ಕಾನ್ಸಸ್ ಎದುರು 72-69ಕ್ಕೆ ಸೋತರು.

ಐವರಲ್ಲಿ ನಾಲ್ವರು ವಾಪಸ್ ಬರ್ತಾರೆ ಅಂತ ಗೊತ್ತಾದದ್ದೇ ತಡ, ಅಕ್ಟೋಬರ್ ಪಟ್ಟಿಯಲ್ಲಿ ನಂಬರ್ 1. ಊರಿಗೂರೇ ಕಪ್ ಎತ್ತಿಟ್ಟುಕೊಂಡ ಹಾಗೆ ಮಾತಾಡ್ತು. ಆದದ್ದೇನು? ನವೆಂಬರ್ ಕೊನೆಯಿಂದ ಸತತ ನಾಲ್ಕು ಸೋಲು. ಅದರಲ್ಲೊಂದು ಅಲಬಾಮಾ ಎದುರು ನಾಲ್ಕು ಓವರ್‌ಟೈಮ್ ಎಳೆದು ಎರಡು ಪಾಯಿಂಟಿನಲ್ಲಿ. ಡಿಸೆಂಬರ್ ಹೊತ್ತಿಗೆ 25ರ ಪಟ್ಟಿಯಿಂದಲೇ ಹೊರಗೆ. ಮಾರ್ಚ್‌ನಲ್ಲಿ 68 ತಂಡಗಳ ಟೂರ್ನಮೆಂಟಿಗೂ ಕರೆ ಬರಲಿಲ್ಲ. ಟೂರ್ನಮೆಂಟ್ 1985ರಲ್ಲಿ 64 ತಂಡಕ್ಕೆ ಬೆಳೆದ ಮೇಲೆ ಪ್ರಿ-ಸೀಸನ್ ನಂಬರ್ 1 ತಂಡಕ್ಕೆ ಈ ಗತಿ ಬಂದದ್ದು ಅದೇ ಮೊದಲು.

ಹುಡುಗರು ಸೋಮಾರಿಗಳಾದರು, ತಲೆಗೇರಿತು ಅಂತೆಲ್ಲ ಬೈದರು. ಆದರೆ ಪಟ್ಟಿ ಮಾಡಿದವರು, ಅದನ್ನು ನಂಬಿದವರು ನೋಡಿದ್ದೇನು? ಮೂರು ವಾರದ ಆಟ. ಅದಕ್ಕೆ ಹಿಂದಿನ ನಾಲ್ಕು ತಿಂಗಳನ್ನು ಮರೆತರು. ಐವರಲ್ಲಿ ನಾಲ್ವರು ಅಂದ್ರೆ ತಂಡದ ನೂರಕ್ಕೆ ಎಂಬತ್ತು ಭಾಗ ಅಂತ ಲೆಕ್ಕ ಹಾಕಿದರು. ಹೋದ ಐದನೆಯವನು ಬ್ರೇಡಿ ಮಾನೆಕ್. ಎತ್ತರದ ಆಳು, ದೂರದಿಂದ ಹೊಡೆದ ಮೂರು ಪಾಯಿಂಟಿನ ಎಸೆತಗಳಲ್ಲಿ ನೂರಕ್ಕೆ ನಲವತ್ತು ಬುಟ್ಟಿಗೆ ಹಾಕ್ತಿದ್ದ. ಅವನನ್ನು ಕಾಯೋಕೆ ಎದುರಾಳಿ ಹೊರಗೆ ಬರಲೇಬೇಕಿತ್ತು. ಆಗ ಒಳಗೆ ಅರ್ಮಾಂಡೋ ಬೇಕಾಟ್‌ಗೆ ಜಾಗ ಸಿಗ್ತಿತ್ತು. ಮಾನೆಕ್ ಹೋದ, ಜಾಗವೂ ಹೋಯ್ತು. ನಮ್ಮ ಕೋಡಿನಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಚಿಕ್ಕ ಲೈಬ್ರರಿ ತೆಗೆದರೆ ಇಡೀ ಸಿಸ್ಟಮ್ಮೇ ಮಲಗುತ್ತಲ್ಲ, ಹಾಗೆ. ಹದ ನೋಡೋದು ಅಂದ್ರೆ ಇದನ್ನು ನೋಡೋದು.

ಮಾರನೇ ವರ್ಷ ಇದೇ ತಂಡಕ್ಕೆ 19ನೇ ಸ್ಥಾನ ಕೊಟ್ಟರು. ಆ ವರ್ಷ ಅವರು 29 ಪಂದ್ಯ ಗೆದ್ದರು, ಲೀಗ್‌ನಲ್ಲಿ ಮೊದಲಿಗರಾದರು, ಟೂರ್ನಮೆಂಟಿಗೆ 1ನೇ ಸೀಡ್ ಆಗಿ ಹೋದರು. ಮೂರನೇ ಸುತ್ತಿನಲ್ಲಿ ಅಲಬಾಮಾ ಎದುರು 89-87ಕ್ಕೆ ಸೋತರು. ಲೀಗಿನ ವರ್ಷದ ಆಟಗಾರ ಆರ್.ಜೆ. ಡೇವಿಸ್ ಆ ರಾತ್ರಿ ಹೊಡೆದ ಒಂಬತ್ತು ಮೂರು-ಪಾಯಿಂಟ್ ಎಸೆತಗಳಲ್ಲಿ ಒಂದೂ ಬೀಳಲಿಲ್ಲ. ಮತ್ತೆ ಅದೇ ಮಾತು: ಕಪ್ ಬರಲಿಲ್ಲ, ಸೀಸನ್ ದಂಡ.

ಒಂದು ಸಣ್ಣ ಲೆಕ್ಕ ಮಾಡೋಣ. ಕಪ್ ಗೆಲ್ಲೋಕೆ ಆರು ಪಂದ್ಯ ಸತತ ಗೆಲ್ಲಬೇಕು, ಒಂದು ಸೋತರೆ ಗಂಟುಮೂಟೆ. ನಿಮ್ಮ ತಂಡ ಎಷ್ಟು ಬಲಶಾಲಿ ಅಂದ್ರೆ ಪ್ರತಿ ಪಂದ್ಯವನ್ನೂ ಗೆಲ್ಲೋ ಸಾಧ್ಯತೆ ನೂರಕ್ಕೆ 80 ಅಂದುಕೊಳ್ಳಿ. ಆರನ್ನೂ ಗೆಲ್ಲೋ ಸಾಧ್ಯತೆ ನೂರಕ್ಕೆ 26 ಮಾತ್ರ. ಅಂದ್ರೆ ಅಷ್ಟು ಬಲದ ತಂಡವೂ ನಾಲ್ಕರಲ್ಲಿ ಮೂರು ವರ್ಷ ಸೋಲಲೇಬೇಕು. ಕಪ್ ಬಿಟ್ಟರೆ ಉಳಿದದ್ದೆಲ್ಲ ದಂಡ ಅನ್ನುವವರು ಜೀವನದ ಮುಕ್ಕಾಲು ಪಾಲು ದುಃಖದಲ್ಲೇ ಕಳೀತೀನಿ ಅಂತ ಸಹಿ ಹಾಕಿದ ಹಾಗಾಯ್ತು.

ಅವರ ದುಃಖ ಅವರಿಗೆ ಬಿಡಿ ಅನ್ನಬಹುದಿತ್ತು. ಆದರೆ ಅದರ ಬಿಲ್ಲು ಬೇರೆಯವರ ಮನೆಗೆ ಹೋಗ್ತಿದೆ. 2022ರಲ್ಲಿ ಡ್ಯೂಕ್ ಎದುರು ಪಂದ್ಯ ಗೆಲ್ಲಿಸಿದ ಕೇಲಬ್ ಲವ್ ಒಂದೇ ವರ್ಷದಲ್ಲಿ ಅದೇ ಜನರ ಬಾಯಲ್ಲಿ ಖಳನಾಯಕನಾದ. ಅರಿಜೋನಾಕ್ಕೆ ಹೋದ, ಅಲ್ಲಿ ಆ ಲೀಗಿನ ವರ್ಷದ ಆಟಗಾರನಾದ. 2024ರ ಮಾರ್ಚ್ 11ಕ್ಕೆ ಈ ರಾಜ್ಯದಲ್ಲಿ ಮೊಬೈಲ್ ಬೆಟ್ಟಿಂಗ್ ಕಾನೂನುಬದ್ಧವಾಯ್ತು. ಅದೇ ತಿಂಗಳು ಮಿಶಿಗನ್ ಸ್ಟೇಟ್ ತಂಡವನ್ನು ಟಾರ್ ಹೀಲ್ಸ್ 16 ಪಾಯಿಂಟಿನಿಂದ ಸೋಲಿಸಿದ ಮೇಲೆ ಬೇಕಾಟ್‌ಗೆ ನೂರಕ್ಕೂ ಹೆಚ್ಚು ಬೈಗುಳದ ಮೆಸೇಜ್ ಬಂದವಂತೆ, ಅವನೇ ಹೇಳಿಕೊಂಡ. ಕಾರಣ? ಬೆಟ್ ಕಟ್ಟಿದವರಿಗೆ ಬೇಕಾದಷ್ಟು ರೀಬೌಂಡ್ ಅವನು ಹಿಡಿದಿರಲಿಲ್ಲ. ತಂಡ ಗೆದ್ದಿದೆ ಮಾರಾಯ್ರೆ! ಆದರೂ ಹುಡುಗ ಸಾಲಗಾರ. ಕಾಲೇಜು ಆಟಗಾರರಿಗೂ ಈಗ ಜಾಹೀರಾತಿನ ದುಡ್ಡು ಬರುತ್ತೆ, ಹಾಗಾಗಿ ಬೈಸಿಕೊಳ್ಳಲಿ ಅನ್ನೋ ವಾದ ಕೇಳಿದ್ದೇನೆ. ಸಂಬಳ ತಗೊಳ್ಳೋ ನಮಗೂ ಅದೇ ನಿಯಮ ಹಾಕಿದರೆ ನಮ್ಮಲ್ಲಿ ಎಷ್ಟು ಜನ ಕೆಲಸದಲ್ಲಿ ಉಳೀತೀವಿ?

ಬೆಂಗಳೂರಿನವರು ನಗಬೇಡಿ, ಈ ಕಾಯಿಲೆ ನಿಮಗೂ ಹೊಸದಲ್ಲ. 2016ರಲ್ಲಿ ಕೊಹ್ಲಿ 973 ರನ್ ಹೊಡೆದು ಆರ್‌ಸಿಬಿ ಫೈನಲ್‌ಗೆ ಹೋಯ್ತು. ಮಾರನೇ ವರ್ಷ 49ಕ್ಕೆ ಆಲೌಟ್, ಪಟ್ಟಿಯಲ್ಲಿ ಕೊನೇ ಸ್ಥಾನ. ಥೇಟ್ ಚಾಪೆಲ್ ಹಿಲ್ ಕತೆ. ಆದರೆ "ಈ ಸಲ ಕಪ್ ನಮ್ದೆ" ಅನ್ನೋದರಲ್ಲಿ ಒಂದು ಗುಣ ಇದೆ. ಹೇಳುವವನಿಗೇ ಒಳಗೊಳಗೆ ನಗು. ಸೋತ ಮೇಲೂ ಮುಂದಿನ ವರ್ಷ ಅದನ್ನೇ ಕೂಗ್ತಾನೆ. ಅದು ಆಸೆ. ದುಡ್ಡು ಹಾಕಿ, ಕ್ಯಾಚ್ ಬಿಟ್ಟ ಹುಡುಗನ ಮನೆಯವರನ್ನೂ ಬೈಯುವವನದ್ದು ವಸೂಲಿ. ಎರಡಕ್ಕೂ ಅಭಿಮಾನ ಅಂತ ಒಂದೇ ಹೆಸರಿಟ್ಟಿದ್ದೀವಿ, ಅದೇ ತೊಂದರೆ.

ಹಾಗಾದ್ರೆ 2024-25ರಲ್ಲಿ ಟಾರ್ ಹೀಲ್ಸ್ ಹೇಗಿತ್ತು? 9ನೇ ನಂಬರ್ ಬದಿಗಿಟ್ಟು ಹೊಲಕ್ಕೆ ಬನ್ನಿ. ಡೇವಿಸ್ ಐದನೇ ವರ್ಷಕ್ಕೆ ವಾಪಸ್ ಬಂದಿದ್ದ. ಇಯಾನ್ ಜಾಕ್ಸನ್, ಡ್ರೇಕ್ ಪೊವೆಲ್ ಅನ್ನೋ ಹೊಸ ಹುಡುಗರ ಕಾಲಲ್ಲಿ ಓಟ ಇತ್ತು. ಆದರೆ ಐದು ವರ್ಷ ಬುಟ್ಟಿಯ ಕೆಳಗೆ ಕಂಬದ ಹಾಗೆ ನಿಂತಿದ್ದ ಬೇಕಾಟ್ ಇರಲಿಲ್ಲ. ಆ ಜಾಗಕ್ಕೆ ಅಷ್ಟು ಗಟ್ಟಿ ಆಳು ನನಗಂತೂ ಕಾಣ್ತಿರಲಿಲ್ಲ. 2024ರ ನವೆಂಬರ್ 8ಕ್ಕೆ ಆ ಸಲದ ನಂಬರ್ 1 ಕಾನ್ಸಸ್ ಎದುರು, ಅವರದೇ ಅಂಗಳದಲ್ಲಿ ಪಂದ್ಯ ಇತ್ತು. ಆವತ್ತು ಸ್ಕೋರ್‌ಗಿಂತ ಜಾಸ್ತಿ ನಾನು ನೋಡಬೇಕು ಅಂದುಕೊಂಡಿದ್ದು, ತಪ್ಪಿದ ಎಸೆತಗಳು ಯಾರ ಕೈಗೆ ಹೋಗ್ತಿವೆ ಅನ್ನೋದನ್ನ. ಕಾನ್ಸಸ್ ಕೂಡ ಅದರ ಹಿಂದಿನ ವರ್ಷ ನಂಬರ್ 1 ಅಂತ ಶುರು ಮಾಡಿ, ಟೂರ್ನಮೆಂಟಿನ ಎರಡನೇ ಸುತ್ತಿನಲ್ಲೇ ಮನೆಗೆ ಹೋದ ತಂಡ, ನೆನಪಿರಲಿ.

ಕಪ್ ಬರಲಿ ಅಂತ ನನಗೂ ಆಸೆ ಇದೆ. ಬರದಿದ್ದರೆ ಯಾವ ಹುಡುಗನೂ ನನಗೆ ಸಾಲಗಾರನಲ್ಲ. ಪಟ್ಟಿ ಹೊರಡಿಸಿದ ಜೋಯಿಸರಿಗಂತೂ ಯಾರೂ ಮೆಸೇಜ್ ಕಳಿಸಲ್ಲ ಬಿಡಿ. ಅವರು ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಜಗಲಿ ಮೇಲೆ ಕೂತಿರ್ತಾರೆ.